ಗಾಲಿಗೆ ಸುರಿದ ಓಕುಳಿ

ರೇಸಿನ ಕಾರಿನ ಮೂತಿಯಲ್ಲಿ ಗಾಳಿ ನುಗ್ಗಲು ಎರಡು ತೂತು ಕೊರೆದು, ಅಲ್ಲಿಂದ ಎರಡು ಕಪ್ಪು ಪೈಪು ಎಳೆದು ಮುಂದಿನ ಗಾಲಿಗಳ ಬಳಿ ಬಿಟ್ಟಿದ್ದ ಸಿದ್ದರಾಮು. ಮಳವಳ್ಳಿಯಲ್ಲಿ ಇಪ್ಪತ್ತು ವರ್ಷದಿಂದ ಗ್ಯಾರೇಜು ನಡೆಸುವವನ ಕೆಲಸವನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ, ತಾಯಿ ಹೊಂಬಾಳಮ್ಮನೊಬ್ಬಳ ಹೊರತು.

"ಗಾಲಿಗ್ಯಾಕ್ಲಾ ಗಾಳಿ? ಅದಕ್ಕೂ ಸೆಕೆಯಾ?"

"ಊಂ ಕಣವ್ವ. ಜೋರಾಗಿ ಓಡ್ಸಿ ಬ್ರೇಕ್ ತುಳುದ್ರೆ ಒಳಗಿರೋ ಡಿಸ್ಕು ಕೆಂಡ ಆಯ್ತದೆ. ಗಾಳಿ ಆಡ್ತಾ ಇರ್ಬೇಕು. ಓದ್ವರ್ಸ ಕಾದಿದ್ ಡಿಸ್ಕಿಗೆ ನೀನು ನೀರುಯ್ದು, ಅದು ಬೆಂಡಾಗಿ ಬ್ರೇಕೇ ಇಡೀಲಿಲ್ವಲ್ಲ, ಅಂಗೆ..." ಎಂದವನು ನಾಲಿಗೆ ಕಚ್ಚಿಕೊಂಡ.

ಹೊಂಬಾಳಮ್ಮ ಇದ್ದಲ್ಲೇ ಕೂತಳು. ಪೂರಿಗಾಲಿಯಾಚೆಯ ಈ ಕಬ್ಬು ಕಡಿದ ಬಯಲಲ್ಲೇ ಹೋದ ವರ್ಷವೂ ಇದೇ ಮಣ್ಣಿನ ರೇಸು ನಡೆದಿತ್ತು; ಒಬ್ಬೊಬ್ಬರೇ ಓಡಿಸಬೇಕು, ಎರಡು ಸುತ್ತು, ನಡುವೆ ಬಿಡುವು. ಮೊಮ್ಮಗಳು ದೀಪಿಕ ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದೆ ಬಂದಿದ್ದಳು. ಆರತಿ ತಟ್ಟೆ ಹಿಡಿದು ಅಡ್ಡ ನಿಂತು ಕಾರು ನಿಲ್ಲಿಸಿದ್ದೂ, ದೃಷ್ಟಿ ತೆಗೆದು ಕೆಂಪು ಓಕುಳಿಯನ್ನು ಗಾಲಿಗೆ ಸುರಿದದ್ದೂ ಹೊಂಬಾಳಮ್ಮನೇ. ಚುಂಯ್ ಎಂದು ಹೊಗೆ ಎದ್ದಾಗ, ಅಬ್ಬಾ ಎಷ್ಟು ದೃಷ್ಟಿ ತಾಗಿತ್ತು ಎಂದು ಖುಷಿಪಟ್ಟಿದ್ದಳು. ಎರಡನೇ ಸುತ್ತಿನಲ್ಲಿ ಬೇವಿನಮರದ ತಿರುವಿನಲ್ಲಿ ಕಾರು ಬದುವಿಗೆ ನುಗ್ಗಿ, ಹುಡುಗಿಯ ಮಣಿಕಟ್ಟು ಮುರಿಯಿತು. ಇಂಜಿನ್ ಕೈಕೊಟ್ಟಿತು ಎಂದರು. ವರ್ಷವಿಡೀ ಆ ಪಾಪದ ಇಂಜಿನ್ನಿಗೆ ಹೊಂಬಾಳಮ್ಮ ಹಿಡಿಶಾಪ ಹಾಕಿದ್ದೇ ಹಾಕಿದ್ದು.

ಮೈಕಿನ ಗದ್ದಲ ಎಲ್ಲೋ ದೂರ ಸರಿಯಿತು. ಬಿಸಿಲಲ್ಲಿ ಎದ್ದ ಧೂಳು ಹೊಂಬಣ್ಣವಾಗಿ ತೇಲುತ್ತ, ಆಲೆಮನೆಯ ಹಬೆಯಂತೆ ಕಂಡಿತು. ಮೂವತ್ತು ವರ್ಷ ಅಲ್ಲಿ ಬೆಲ್ಲದ ಪಾಕ ಆರಿಸಿದವಳು ಅವಳು. ಒಲೆಯಿಂದ ಇಳಿದ ಪಾಕಕ್ಕೆ ಒಂದು ಹನಿ ನೀರೂ ಬೀಳಬಾರದು. ಮರದ ತೊಟ್ಟಿಯಲ್ಲಿ ನಿಲ್ಲಿಸದೆ ಕಲೆಸುತ್ತಲೇ ಇರಬೇಕು, ಗಾಳಿಯೇ ಅದನ್ನು ಆರಿಸಬೇಕು. ಆ ಸಿಹಿ ಹಬೆಯಲ್ಲಿ ಹಗಲು ಯಾವಾಗ ಮುಗಿಯುತ್ತಿತ್ತೋ ಗೊತ್ತೇ ಆಗುತ್ತಿರಲಿಲ್ಲ. ಗೊತ್ತಿದ್ದೂ ಸುರಿದೆನಲ್ಲ, ನನ್ನ ಕೈ ಸೇದಿಹೋಗ!

ಅಷ್ಟರಲ್ಲಿ ರೇಸು ಶುರುವಾಗಿ ದೀಪಿಕಳ ಮೊದಲ ಸುತ್ತೂ ಮುಗಿದೇಹೋಯಿತು. ಅಭ್ಯಾಸಬಲದಿಂದ ಹೊಂಬಾಳಮ್ಮ ತಟ್ಟೆ ಹಿಡಿದು ದಾರಿಯಲ್ಲಿ ನಿಂತಿದ್ದಳು. ಗಾಲಿಯಿಂದ ಸುಟ್ಟ ವಾಸನೆ ಬರುತ್ತಿತ್ತು. ಅಜ್ಜಿಯನ್ನು ಕಂಡದ್ದೇ ಕಾರು ನಿಧಾನವಾಯಿತು. ಈ ಹುಡುಗಿ ನನಗೋಸ್ಕರ ಮತ್ತೆ ನಿಲ್ಲಿಸುತ್ತಾಳೆ ಎಂದು ಹೊಂಬಾಳಮ್ಮನಿಗೆ ತಿಳಿಯಿತು.

"ನಿಲ್ಲುಸ್ಬ್ಯಾಡ ಕಣವ್ವ! ಬ್ರೇಕ್ ತುಳೀಬ್ಯಾಡ, ಓಗು!" ಎಂದು ಪಕ್ಕಕ್ಕೆ ಸರಿದಳು.

ಕಿಟಕಿಯಲ್ಲಿ ದೀಪಿಕಳ ಕಣ್ಣುಗಳು ಅಗಲವಾದವು. ಕಾರು ಮೆಲ್ಲಗೆ ಉರುಳಿತು. ಜೊತೆಗೇ ಹೆಜ್ಜೆ ಹಾಕುತ್ತ, ಏದುಸಿರು ಬಿಡುತ್ತ, ಹೊಂಬಾಳಮ್ಮ ನಡೆನಡೆಯುತ್ತಲೇ ಆರತಿ ಎತ್ತಿದಳು. ಅರ್ಧ ಓಕುಳಿ ಸೀರೆಯ ಮೇಲೆ ಚೆಲ್ಲಿತು. ಉಳಿದರ್ಧ ತಟ್ಟೆಯಲ್ಲೇ ಇತ್ತು. ಜನ ನಕ್ಕರು, ನಗಲಿ.

ಎರಡನೇ ಸುತ್ತನ್ನು ಅವಳು ಕಣ್ಣಿಂದ ನೋಡಲಿಲ್ಲ. ಸೆರಗಿನ ಮರೆಯಲ್ಲಿ ತಟ್ಟೆ ಹಿಡಿದು, ಕಣ್ಣು ಮುಚ್ಚಿ ಕಿವಿಗೊಟ್ಟಳು. ಬೇವಿನಮರದ ಹತ್ತಿರ ಸದ್ದು ಒಮ್ಮೆ ಇಳಿಯಿತು. ಆಮೇಲೆ ಸದ್ದು ಮತ್ತೆ ಏರಿ ತಿರುವು ದಾಟಿತು.

ದೀಪಿಕ ಎರಡನೆಯವಳಾಗಿ ಬಂದಳು. ಬ್ರೇಕು ಗಾಳಿಗೆ ಆರಲೆಂದು ಇನ್ನೂ ಎರಡು ಸುತ್ತು ಕಾರನ್ನು ಸುಮ್ಮನೆ ಉರುಳಿಸಿ, ಹ್ಯಾಂಡ್‌ಬ್ರೇಕ್ ಎಳೆಯದೆ ಹೊಂಗೆಯ ನೆರಳಿಗೆ ಬಿಟ್ಟಳು. ಸಿದ್ದರಾಮು ಗಾಲಿಗೆ ಕಲ್ಲು ಕೊಟ್ಟ.

"ತಿರುವ್ನಲ್ಲಿ ಬ್ರೇಕ್ ಇಡೀತಾ ಮಗಾ?" ಎಂದು ಕೇಳಿದಳು ಹೊಂಬಾಳಮ್ಮ.

"ಬೆಣ್ಣೆಯಂಗೆ ಇಡೀತು ಕಣಜ್ಜಿ."

"ಓದ್ವರ್ಸ ನಿನ್ ಕೈ ಮುರ್ದಿದ್ದು ನಾನೇ ಕಣ್ ಮಗಾ." ಹೊಂಬಾಳಮ್ಮ ಅವಳ ಮಣಿಕಟ್ಟು ಸವರಿದಳು.

"ಗೊತ್ತು ಕಣಜ್ಜಿ. ನೀನು ನೊಂದ್ಕತೀಯ ಅಂತ ಇಂಜಿನ್ ಮ್ಯಾಲೆ ಆಕುದ್ವಿ."

ಬಿಸಿಲು ಇಳಿಯುವ ತನಕ ಇಬ್ಬರೂ ಅಲ್ಲೇ ಕೂತರು. ಆಮೇಲೆ ದೀಪಿಕ ಅಜ್ಜಿಯ ಕೈಹಿಡಿದು, ಗಾಲಿಯ ಸಂದಿಯಲ್ಲಿದ್ದ ಡಿಸ್ಕಿಗೆ ಬೆರಳು ತಾಗಿಸಿದಳು.

"ತಣ್ಣಗದೆ," ಎಂದಳು ಹೊಂಬಾಳಮ್ಮ.

"ಈಗ ಉಯ್ಯಿ, ಅಜ್ಜಿ."

ಹೊಂಬಾಳಮ್ಮ ಉಳಿದಿದ್ದ ಓಕುಳಿಯನ್ನು ಗಾಲಿಯ ಮೇಲೆ ಸುರಿದಳು. ಚುಂಯ್ ಎನ್ನಲಿಲ್ಲ. ಕೆಂಪು ನೀರು ಸುಮ್ಮನೆ ಇಳಿದು ಮಣ್ಣಿಗೆ ಸೇರಿತು.