ಗಾಣ ನಿಂತ ಮಧ್ಯಾಹ್ನ

ಮತ್ತೆ ಆ ವಾಸನೆ, ಆಗಷ್ಟೇ ಅರೆದ ಆಲಿವಿನ ಹಸಿ ಒಗರು, ಮಬ್ರೂಕಾ ಬಾಗಿಲಲ್ಲೇ ನಿಂತಳು, ಒಳಗೆ ಯಂತ್ರ ಗುಡುಗುಡು ಅನ್ನುತ್ತಿದೆ, ಅಪ್ಪನ ಕಾಲದಲ್ಲಿ ಈ ಹೊತ್ತಿಗೆ ಗಾಣದಲ್ಲಿ ಸದ್ದೇ ಇರುತ್ತಿರಲಿಲ್ಲ — ಹೊಸ ಎಣ್ಣೆಯಲ್ಲಿ ರೊಟ್ಟಿ ಅದ್ದಿ ತಿಂದಿದ್ದೇ ತಡ ಅಪ್ಪ ಗಾಣ ಸುತ್ತುವ ಒಂಟೆಯ ಕಣ್ಣಿನ ಬಟ್ಟೆ ಬಿಚ್ಚುತ್ತಿದ್ದ, ಮಲಗ್ರೋ, ಆಲಿವೇನು ಎದ್ದು ಓಡಿಹೋಗಲ್ಲ, ಗೋಣಿಗಳ ಮೇಲೆ ಬಿದ್ದ ಆಳುಗಳ ಗೊರಕೆ, ಒಬ್ಬೊಬ್ಬನದು ಒಂದೊಂದು ಧಾಟಿ, ಖ್ಮೈಸ್‌ನದು ಹಂಡೆಯಲ್ಲಿ ನೀರು ಕುದಿದ ಹಾಗೆ, ಪುಟ್ಟ ಮಬ್ರೂಕಾ ಅವನ ಮೂಗಿನ ಹತ್ತಿರ ಎಲೆ ಹಿಡಿದು ಅದು ಅಲುಗುವುದನ್ನು ನೋಡಿ ಕಿಸಿಕಿಸಿ ನಗುತ್ತಿದ್ದಳು, ಎಬ್ಬಿಸಬೇಡ ಕಣೇ, ಈಗ ಅವನು ಯಾರ ಆಳೂ ಅಲ್ಲ, ಅಪ್ಪ ಪಿಸುಗುಟ್ಟುತ್ತಿದ್ದ — ಆ ಗುಂಪಿನಲ್ಲಿ ಉಳಿದವನು ಖ್ಮೈಸ್ ಒಬ್ಬನೇ, ಅಗೋ, ತಲೆಯೆಲ್ಲ ಬೆಳ್ಳಗಾದರೂ ಹರೆಯದವನ ಹಾಗೆ ಚೀಲ ಸುರಿಯುತ್ತಿದ್ದಾನೆ, ತಮ್ಮ ಲಸ್‌ಅದ್ ಚಹಾ ತಟ್ಟೆ ಹಿಡಿದು ಬರುತ್ತಾನೆ, ಪ್ರತಿ ಲೋಟದ ಪಕ್ಕ ಒಂದೊಂದು ಬಿಳಿ ಮಾತ್ರೆ, ನುಂಗಿದರೆ ಹಗಲೂ ರಾತ್ರಿ ಕಣ್ಣು ಮುಚ್ಚುವುದೇ ಬೇಡ, ನಾನೇನು ಬಾಯಿಗೆ ತುರುಕ್ತೀನೇನಕ್ಕಾ, ಅವರೇ ಕೇಳ್ತಾರೆ, ಎರಡು ಪಾಳಿ ಕೂಲಿ ಯಾರಿಗೆ ಬೇಡ — ನಿಜ, ಅವರೇ ಕೇಳುತ್ತಾರೆ, ಮೊನ್ನೆ ತಾನೂ ಒಂದು ನುಂಗಿದ್ದಳಲ್ಲ, ತಲೆ ಎಷ್ಟು ತಿಳಿಯಾಗಿತ್ತು, ಇಡೀ ಮನೆ ತೊಳೆದಿಟ್ಟಳು, ಸುಸ್ತೇ ಇಲ್ಲ, ಆದರೆ ಬೆಳಗಿನ ಜಾವದ ಆ ಅರೆನಿದ್ದೆ ಬರಲೇ ಇಲ್ಲ, ಅಪ್ಪ ಬಂದು ಮಂಚದ ತುದಿಯಲ್ಲಿ ಕೂರುವುದು ಅಲ್ಲಿ ಮಾತ್ರ.

ಖ್ಮೈಸ್ ಚಾಚಾ, ಕನಸು ಬೀಳುತ್ತಾ ನಿನಗೆ, ಕೇಳಿಯೇಬಿಟ್ಟಳು, ಅವನು ನಕ್ಕ, ನಿದ್ದೇನೇ ಇಲ್ಲ, ಕನಸೆಲ್ಲಿಂದ ತರ್ಲಿ ಮಗಳೇ, ಬೇಸಿಗೆಗೆ ಮೊಮ್ಮಗಳ ಮದುವೆ, ಆಮೇಲೆ ಮಲಗಿದರಾಯ್ತು — ಆಮೇಲೆ ಕೈಯ ಜಿಡ್ಡು ಒರೆಸಿಕೊಳ್ಳುತ್ತಾ, ನನ್ನವಳು ಬರ್ತಿದ್ಲು, ಸತ್ತ ಮೇಲೂ, ಬಂದು ಬೈತಿದ್ಲು, ಈ ಮಾತ್ರೆ ಶುರುವಾದ ಮೇಲೆ ಬಂದಿಲ್ಲ ನೋಡು — ಅಷ್ಟು ಹೇಳಿ ಮತ್ತೆ ಚೀಲಕ್ಕೆ ಕೈ ಹಾಕಿದ, ಮಬ್ರೂಕಾಳ ಕೈ ಗೋಡೆಯ ಸ್ವಿಚ್ಚಿನ ಮೇಲಿತ್ತು, ಯಾವಾಗ ಹೋಯಿತೋ, ಯಂತ್ರ ನರಳಿ ನಿಂತಿತು, ಅಕ್ಕಾ, ತಲೆ ಕೆಟ್ಟಿದೆಯಾ, ಹೊರಗೆ ಲಾರಿಗಳು ನಿಂತಿವೆ, ನಿಲ್ಲಲಿ ಬಿಡು, ಹಣ್ಣು ಕೊಳೀತದೆ ಕಣೇ, ಕೊಳೀಲಿ, ಇವರ ಕೂಲಿ ಒಂದು ಕಾಸೂ ಹಿಡಿಯೋದಿಲ್ಲ, ಅಪ್ಪ ಗಾಣ ನಿನಗೊಬ್ಬನಿಗೇ ಬರೆದುಕೊಟ್ಟಿಲ್ಲ, ತಟ್ಟೆ ಒಳಗಿಡು — ಮಾತ್ರೆಗಳನ್ನು ಅವನೇ ಜೇಬಿಗೆ ಸುರಿದುಕೊಂಡು ದಡದಡ ಹೊರಗೆ ಹೋದ, ಮಲಗ್ರೋ, ಅಂದಳು ಅಪ್ಪನ ಹಾಗೇ, ಆಳುಗಳು ಮುಖ ಮುಖ ನೋಡಿಕೊಂಡರು, ಆಮೇಲೆ ಅವಳ ಮಾತಿಗೆ ಕಟ್ಟುಬಿದ್ದು ಚೀಲಗಳ ಮೇಲೆ ಸಾಲಾಗಿ ಮಲಗಿದರು, ಎಷ್ಟು ವರ್ಷವಾಯಿತು ಈ ನಿಶ್ಶಬ್ದ ಕೇಳಿ, ಇನ್ನೇನು, ಮೊದಲು ಖ್ಮೈಸ್‌ನದು ಶುರುವಾಗುತ್ತದೆ, ಕಾದಳು, ಕಿವಿಗೊಟ್ಟು ಕಾದಳು, ಏನೂ ಇಲ್ಲ, ಮೆಲ್ಲನೆ ಹತ್ತಿರ ಹೋಗಿ ಬಗ್ಗಿ ನೋಡಿದರೆ ಅಂಗಾತ ಮಲಗಿದ್ದಾನೆ, ಉಸಿರಿಗೆ ಏರಿಳಿಯುವ ಎದೆಯ ಮೇಲೆ ಕೈ, ಕಣ್ಣು ತೆರೆದೇ ಇದೆ, ಪಕ್ಕದವನದೂ, ಅವನ ಪಕ್ಕದವನದೂ, ತಗಡಿನ ಸೂರು ನೋಡುತ್ತಿರುವ ಕಣ್ಣುಗಳು, ರೆಪ್ಪೆ ಬಡಿಯದ ಕಣ್ಣುಗಳು, ಕಣ್ಣುಗಳು —