ಪೈಲ್ವಾನನ ಬಾಯಿಗೆ ಒಂದು ತುತ್ತು

ನಾನು ಒಂದು ದೊಡ್ಡ ಗಾಡಿ. ಎಂಟು ಸೀಟು, ನಾಲ್ಕು ಗಾಲಿ, ಬೆನ್ನಿಗೆ ಜೋತುಬಿದ್ದಿರುವ ಐದನೆಯದು. ಗದಗ-ಬೆಟಗೇರಿಯಲ್ಲಿ ನನ್ನನ್ನು ಎಲ್ಲರೂ ಪೈಲ್ವಾನ ಅನ್ನುತ್ತಾರೆ. ನನ್ನ ಕಥೆ ಮುಗಿಯಿತು ಎಂದು ಇದುವರೆಗೆ ನಾಲ್ಕು ಜನ ಹೇಳಿದ್ದಾರೆ. ಅವರಲ್ಲಿ ಇಬ್ಬರನ್ನು ಆಮೇಲೆ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ನನ್ನನ್ನು ಹೆರಲು ನೂರಾರು ಕೈ ಬೇಕಾದವು. ಒಬ್ಬ ಎಂಜಿನ್ ಇಳಿಸಿದ, ಒಬ್ಬ ಬಾಗಿಲು ಕೂಡಿಸಿದ, ಕೊನೆಗೊಬ್ಬ ಡೀಸೆಲ್ ಸುರಿದು ಕೀಲಿ ತಿರುವಿದ. ನಾನು ಅತ್ತೆ. ಆ ಮೊದಲ ಅಳು ಎಷ್ಟು ಜೋರಾಗಿತ್ತೆಂದರೆ, ಊಟದ ಸೈರನ್ ಆಯಿತೆಂದು ತಿಳಿದು ಕಾರ್ಖಾನೆಯವರೆಲ್ಲ ಬುತ್ತಿ ಬಿಚ್ಚಿದರು. ಇದು ಸುಳ್ಳಾಗಿದ್ದರೆ ನನ್ನ ಸೈಲೆನ್ಸರ್ ಕಳಚಿ ಬೀಳಲಿ. ಮುಂದೆ ಅದು ಬಿದ್ದದ್ದು ನಿಜ. ಆದರೆ ಅದಕ್ಕೆ ಕಾರಣ ಲಕ್ಕುಂಡಿ ರಸ್ತೆಯ ಒಂದು ಹಂಪ್, ನನ್ನ ಮಾತಲ್ಲ.

ಮೊದಲ ಯಜಮಾನ ಬೆಳಗಾವಿಯ ಒಬ್ಬ ಹಲ್ಲಿನ ಡಾಕ್ಟರ್. ಒಳ್ಳೆಯ ಮನುಷ್ಯ, ಆದರೆ ನನ್ನನ್ನು ಹೊಸದಾಗಿ ಕಟ್ಟಿಸಿದ ಹಲ್ಲಿನಂತೆ ಜೋಪಾನ ಮಾಡಿದ. ಕೆಸರಿಗೆ ಇಳಿಸಲಿಲ್ಲ, ಗುಡ್ಡ ಹತ್ತಿಸಲಿಲ್ಲ. ಮೈತುಂಬ ಬಲವಿದ್ದೂ ಕ್ಲಬ್ಬಿನ ಮುಂದೆ ಆರು ವರ್ಷ ಸುಮ್ಮನೆ ನಿಂತೆ. ಒಂದು ದಿನ ಯಾವುದೋ ಎಮ್ಮೆ ನನ್ನ ಬಾಗಿಲಿಗೆ ಕೊಂಬು ಉಜ್ಜಿತು. ಡಾಕ್ಟರಿಗೆ ಆ ಗೀರು ನೋಡಲಾಗಲಿಲ್ಲ, ನನ್ನನ್ನು ಮಾರಿಬಿಟ್ಟ. ಆ ಎಮ್ಮೆ ಎಲ್ಲಿದ್ದರೂ ಚೆನ್ನಾಗಿರಲಿ.

ಕೊಂಡವನು ಗುರುಸಿದ್ದಪ್ಪ. ಬೆಟಗೇರಿಯಲ್ಲಿ ಅವನದು ಹಿಟ್ಟಿನ ಗಿರಣಿ. ಮೊದಲ ದಿನ ಮನೆಯ ಮುಂದೆ ನಿಂತಾಗ ಅವನ ತಾಯಿ ಚನಬಸವ್ವ ಆರತಿ ತಟ್ಟೆ ಹಿಡಿದು ಬಂದಳು. ನನ್ನ ಎರಡು ದೀಪಗಳ ನಡುವಿನ ಜಾಲರಿಯನ್ನು ಬಗ್ಗಿ ನೋಡಿದಳು.

"ಕಣ್ಣು ಇಲ್ಲಿ ಅದಾವು, ಅಂದಮ್ಯಾಲ ಬಾಯಿ ಇದ ಆತು," ಅಂದಳು.

ನನ್ನ ಬಾಯಿಯ ಮೇಲಿನ ಸಂದಿಯಲ್ಲಿ ಒಂದು ತುಣುಕು ಬೆಲ್ಲ, ಒಂದು ಚಿಟಿಕೆ ಚುರುಮುರಿ ತೂರಿಸಿದಳು. ಮೇಲೆ ಒಂದು ಗುಟುಕು ತೆಂಗಿನ ನೀರು. "ಉಣ್ಣಪ್ಪಾ. ನನ್ನ ಮಕ್ಕಳನ್ನ ಹೊತ್ತುಕೊಂಡು ತಿರಗಾವ ನೀನು. ಹಸದ ಹೋಗಬಾರದು."

ಅಷ್ಟು ಪ್ರೀತಿಯಿಂದ ನನಗೆ ಯಾರೂ ಉಣಿಸಿರಲಿಲ್ಲ. ಬೇಡ ಅನ್ನಲು ನನಗೆ ಬಾಯಿ ಎಲ್ಲಿತ್ತು! ಅಂದಿನಿಂದ ಪ್ರತಿ ಅಮವಾಸ್ಯೆಗೆ ಪೂಜೆ, ಚೆಂಡುಹೂವಿನ ಮಾಲೆ, ಕುಂಕುಮ, ಆ ಒಂದು ತುತ್ತು. ಒಂದು ಅಮವಾಸ್ಯೆಯೂ ತಪ್ಪಲಿಲ್ಲ. ಹೋಳಿಗೆ ಮಾಡಿದ ದಿನ ಹೂರಣವೂ ಸಿಕ್ಕಿತು.

ಗುರುಸಿದ್ದಪ್ಪನ ಹೆಂಡತಿ ಸುಲೋಚನಾ. ಮದುವೆ ಮನೆಗಳಿಗೆ ಹೋಗಿ ಜೋಳದ ರೊಟ್ಟಿ ಬಡಿಯುವುದು ಅವಳ ಕೆಲಸ. ಜೊತೆಗೆ ಫಕೀರವ್ವ ಸೇರಿ ಓಣಿಯ ಆರು ಹೆಣ್ಣುಮಕ್ಕಳು. ಮೊದಲೆಲ್ಲ ಬಸ್ಸು ಹೋಗುವ ಊರಿಗೆ ಮಾತ್ರ ಹೋಗುತ್ತಿದ್ದರು. ನಾನು ಬಂದ ಮೇಲೆ ಸುಲೋಚನಾ ಗಾಡಿ ಕಲಿಯಲು ಕೂತಳು. ಕಲಿಯುವಾಗ ಸ್ವಂತ ಕಂಪೌಂಡನ್ನು ಎರಡು ಸಲ ಕೆಡವಿದಳು. ಎರಡನೆಯ ಸಲ ಬಿದ್ದ ಮೇಲೆ ಗುರುಸಿದ್ದಪ್ಪ ಅದನ್ನು ಮತ್ತೆ ಕಟ್ಟಿಸಲೇ ಇಲ್ಲ. ಆಮೇಲೆ ನೋಡಿ, ಏಳು ಜನ, ಏಳು ಹಂಚು, ಹಿಟ್ಟು ನಾದುವ ಏಳು ಕೊಣಮಿಗೆ, ಹಿಟ್ಟಿನ ಚೀಲ, ಇಷ್ಟನ್ನೂ ಹೊತ್ತು ನಾನು ಹೋಗದ ಊರಿಲ್ಲ. ಹರ್ಲಾಪುರದ ಹಳ್ಳದಲ್ಲಿ ಸಿಕ್ಕಿಕೊಂಡಿದ್ದ ಟ್ರ್ಯಾಕ್ಟರನ್ನು ಒಮ್ಮೆ ಎಳೆದು ಹಾಕಿದೆ. ಅದರ ಜೊತೆ ಹಳ್ಳವೂ ಹತ್ತು ಮಾರು ಈಚೆ ಬಂತು. ಈಗಲೂ ಅಲ್ಲೇ ಹರಿಯುತ್ತಿದೆ.

ವಯಸ್ಸಾಯಿತು. ಕಾಯಿಲೆ ಬಂದವು. ಬಂದದ್ದನ್ನೆಲ್ಲ ದಾವಲಸಾಬ ಮಿಸ್ತ್ರಿ ಓಡಿಸಿದ. ಅವನು ಕೈಗಿಂತ ಮೊದಲು ಕಿವಿ ಇಡುವವನು. ಬ್ರೇಕ್ ಹಿಡಿದಾಗ ಕೀಚ್ ಅಂದರೆ ಪ್ಯಾಡ್ ಸವೆದಿದೆ. ಓಡುವಾಗ ಒಂದೇ ಸಮನೆ ಗುಂಯ್ ಅಂದು, ತಿರುವಿನಲ್ಲಿ ಆ ಸದ್ದು ಬದಲಾದರೆ ಗಾಲಿಯ ಬೇರಿಂಗ್. ಕೀಲಿ ತಿರುವಿದಾಗ ಟಕ್ ಎಂದು ಸುಮ್ಮನಾದರೆ ಬ್ಯಾಟರಿಯ ತುದಿಗೆ ಹಸಿರು ಪುಡಿ ಹಿಡಿದಿದೆ. ಅದಕ್ಕೆ ಬಿಸಿನೀರು ಹಾಕಿ ಉಜ್ಜಿದರೆ ಸಾಕು. ಇವನ್ನೆಲ್ಲ ಸುಲೋಚನಾ ಪಕ್ಕದಲ್ಲಿ ನಿಂತು ಕಲಿತಳು.

ಒಂದು ಕಾಯಿಲೆ ಮಾತ್ರ ದಾವಲಸಾಬನಿಗೂ ಸಿಗಲಿಲ್ಲ. ಅಂಗಳದಲ್ಲಿ ನಿಂತರೆ ತಣ್ಣಗಿರುತ್ತಿದ್ದೆ. ಖಾಲಿ ಓಡಿದರೂ ಏನೂ ಇಲ್ಲ. ಭಾರ ಹೊತ್ತು ಏರು ಹತ್ತಿದರೆ ಮಾತ್ರ ಶಾಖ ತೋರಿಸುವ ಮುಳ್ಳು ಕೆಂಪಿಗೆ ಹೋಗಿ, ಬಾನೆಟ್ಟಿನ ಕೆಳಗೆ ಹಂಡೆ ಕುದಿದಂತೆ ಕುದಿಯುತ್ತಿದ್ದೆ. ದಾವಲಸಾಬ ಥರ್ಮೋಸ್ಟ್ಯಾಟ್ ಬದಲಿಸಿದ. ನೀರಿನ ಪಂಪ್ ಬದಲಿಸಿದ. ಮುಂದಿನಿಂದ ನೀರು ಹೊಡೆದು ತೊಳೆದ. ಆದರೂ ಕುದಿಯುತ್ತಿದ್ದೆ. ನನಗೆ ಗೊತ್ತಿತ್ತು, ಎದೆ ಬಿಗಿಯುತ್ತಿತ್ತು, ಉಸಿರು ಒಳಗೆ ಬರುತ್ತಿರಲಿಲ್ಲ. ಹೇಳುವುದು ಹೇಗೆ? ಇದ್ದ ಒಂದು ಹಾರ್ನ್ ಹೊಡೆದರೆ ಎಲ್ಲರೂ ದಾರಿ ಬಿಡುತ್ತಿದ್ದರು, ಅಷ್ಟೇ.

ಒಂದು ಗುರುವಾರ ಮುಂಡರಗಿಯ ಮದುವೆಗೆ ಹೊರಟಿದ್ದೆವು. ಡಂಬಳ ದಾಟುತ್ತಲೇ ಕುದಿದು ನಿಂತೆ. ತಲುಪುವ ಹೊತ್ತಿಗೆ ಬೀಗರು ರೊಟ್ಟಿಯಿಲ್ಲದೆ ಅನ್ನ ಸಾರು ಉಂಡು ಕೈ ತೊಳೆದಿದ್ದರು. ವರನ ಸೋದರಮಾವ ಬಾಗಿಲಲ್ಲೇ ನಿಂತು, "ಇನ್ನ ಯಾಕ ಬಂದ್ರಿ? ಮೊಮ್ಮಕ್ಕಳ ಮದುವಿಗೆ ಬರ್ರಿ," ಅಂದ.

ಶುಕ್ರವಾರ ಗುರುಸಿದ್ದಪ್ಪ ಗುಜರಿಯವನನ್ನು ಕರೆಸಿದ. ಅವನು ನನ್ನ ಸುತ್ತ ಮೂರು ಸುತ್ತು ಹಾಕಿ, ಗೋಣಿ ಮೇಲೆ ಬಡಿದಂತೆ ನನ್ನ ಬೆನ್ನಿಗೆ ಬಡಿದು, ಸೋಮವಾರ ಬರುತ್ತೇನೆ ಎಂದು ಹೋದ.

"ಸಾಕು ಸುಲೋಚನಾ," ಅಂದ ಗುರುಸಿದ್ದಪ್ಪ. "ನಾಲ್ಕು ಮಂದ್ಯಾಗ ಮರ್ಯಾದಿ ಹೋತು. ಇನ್ನ ಬಸ್ಸು ಹೋಗೂ ಊರಿಗೆ ಅಷ್ಟ ಹೋಗು."

"ಬಸ್ಸು ಹೋಗೂ ಊರಾಗ ರೊಟ್ಟಿ ಬಡಿಯಾಕ ಅವರ ಮಂದಿನ ಅದಾರ್ರಿ. ಈ ಗಾಡಿ ಹೋದ್ರ ನಮ್ಮ ಏಳು ಮಂದಿ ಕೆಲಸಾನೂ ಹೋತು. ಫಕೀರವ್ವ ಮತ್ತ ಹೊಲದಾಗ ಕಳೆ ತಗಿಯಾಕ ಹೋಗಬೇಕು, ಆಕಿ ಮೊಣಕಾಲ ನೋಡೀರಿಲ್ಲ?"

"ಮತ್ತ ಹಾದ್ಯಾಗ ಕುದಿದ್ರ?"

"ರವಿವಾರ ಕಪ್ಪತಗುಡ್ಡದ ಆಚೆ ಒಂದು ಮದುವಿ ಐತಿ. ಏಳೂ ಮಂದಿ, ಎಲ್ಲಾ ಸಾಮಾನು ಹೇರಿಕೊಂಡು ಗುಡ್ಡಾ ಹತ್ತತೀನಿ. ನೀವೂ ಬರ್ರಿ. ಕುದೀತಂದ್ರ ನಾನ ಕೀಲಿ ತಗದು ಗುಜರಿಯವನ ಕೈಯಾಗ ಇಡತೀನಿ. ಕುದೀಲಿಲ್ಲಂದ್ರ ಆ ಮನಷ್ಯಾ ನಮ್ಮ ಅಂಗಳಕ್ಕ ಕಾಲಿಡಬಾರದು."

ಗುರುಸಿದ್ದಪ್ಪ ಒಪ್ಪಿದ. ಕಪ್ಪತಗುಡ್ಡದ ಏರು ಅವನಿಗೆ ಗೊತ್ತಿತ್ತು.

ಶನಿವಾರ ಸುಲೋಚನಾ ನನ್ನನ್ನು ದಾವಲಸಾಬನ ಗ್ಯಾರೇಜಿಗೆ ತಂದಳು. ಸೊಸೆಯ ಜೊತೆ ಚನಬಸವ್ವನೂ ಬಂದಿದ್ದಳು, ಊದಿನಕಡ್ಡಿಯ ಕಟ್ಟು ಹಿಡಿದು. ಅಂದು ಅಮವಾಸ್ಯೆ.

ದಾವಲಸಾಬ ತಲೆ ಕೆರೆದುಕೊಂಡ. "ಅಕ್ಕಾರ, ನನಗ ಉಳದಿದ್ದು ಒಂದ ಅನುಮಾನ. ಕುದಿಯುವಾಗ ಸಿಹಿ ವಾಸನಿ ಬರ್ತೈತಿ ಅಂತೀರಿ. ಎಂಜಿನ್ ತಂಪ ಇಡೂ ಕೂಲೆಂಟಿನ ವಾಸನಿ ಸಿಹಿ ಇರತೈತಿ. ಹೊರಗ ಎಲ್ಲೂ ಸೋರಿಲ್ಲ. ಅಂದ್ರ ಒಳಗ ಸೋರತೈತಿ, ಹೆಡ್ ಗ್ಯಾಸ್ಕೆಟ್ ಹೋಗಿರಬೇಕು. ಎಂಜಿನ್ ಬಿಚ್ಚಬೇಕು. ಒಂದು ವಾರದ ಕೆಲಸ."

"ಹಂಗಾರ ನೀರು ಕೂಡಿ ಆಯಿಲ್ ಯಾಕ ಹಾಲಿನಂಗ ಆಗಿಲ್ಲ, ದಾವಲಣ್ಣ? ನೀವ ಹೇಳಿಕೊಟ್ಟಿದ್ರಿ. ರೇಡಿಯೇಟರ್ ನೀರಿನ್ಯಾಗ ಗುಳ್ಳಿನೂ ಏಳವಲ್ಲವು."

"ಅದ ನನಗೂ ತಿಳೀವಲ್ದು."

ಸುಲೋಚನಾ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ಮೂಸಿದಳು. ಇಪ್ಪತ್ತು ವರ್ಷ ಒಲೆಯ ಮುಂದೆ ಕೂತ ಮೂಗು ಅದು. ಯಾವ ಮನೆಯಲ್ಲಿ ಸಾರು ತಳ ಹಿಡಿದಿದೆ ಎಂದು ಬಸ್‌ಸ್ಟ್ಯಾಂಡಿನಿಂದ ಹೇಳಬಲ್ಲ ಮೂಗು.

"ದಾವಲಣ್ಣ, ನಿಮ್ಮ ಕೂಲೆಂಟಿನ ವಾಸನಿ ನನಗ ಗೊತ್ತಿಲ್ಲ. ಆದ್ರ ಇದು ಬೆಲ್ಲ ಹೊತ್ತಿದ ವಾಸನಿ. ಪಾಕ ಏರಿದ್ರ ಹಿಂಗ ಬರ್ತೈತಿ."

"ಗಾಡ್ಯಾಗ ಬೆಲ್ಲ ಎಲ್ಲಿಂದ ಬರಬೇಕ್ರಿ ಅಕ್ಕಾರ!" ದಾವಲಸಾಬ ನಕ್ಕ.

ಅವಳು ನಗಲಿಲ್ಲ. "ಒಲಿ ಹೊಗಿಯಾಡಿದ್ರ ನಾವು ಕಟಗಿ ನೋಡೂದಿಲ್ಲ. ಬೂದಿ ತುಂಬೇತೇನು, ಗಾಳಿ ಆಡತೈತೇನು, ಅದನ್ನ ನೋಡತೀವಿ. ಇದಕ್ಕ ಗಾಳಿ ಎಲ್ಲಿಂದ ಹೋಗತೈತಿ?"

"ಈ ಜಾಲರಿಯಿಂದ. ಹಿಂದ ಫ್ಯಾನ್ ಎಳಕೊಂತೈತಿ."

ಸುಲೋಚನಾ ಅತ್ತೆಯ ಕೈಯಿಂದ ಒಂದು ಊದಿನಕಡ್ಡಿ ತೆಗೆದುಕೊಂಡು ಹಚ್ಚಿದಳು. ಎಂಜಿನ್ ಓಡಿಸಲು ಹೇಳಿ, ಕಡ್ಡಿಯನ್ನು ನನ್ನ ಬಾಯಿಯ ಮುಂದೆ ಹಿಡಿದಳು. ಹೊಗೆ ಒಳಗೆ ಹೋಗಬೇಕಿತ್ತು. ಹೋಗಲಿಲ್ಲ. ಜಾಲರಿಗೆ ಬಡಿದು, ದಾರಿ ಸಿಗದ ನೆಂಟನಂತೆ ಆಚೆ ಈಚೆ ತಿರುಗಿ ಮೇಲೆ ಹೋಯಿತು.

ದಾವಲಸಾಬನ ನಗು ನಿಂತಿತು. ಎಂಜಿನ್ ಬಂದ್ ಮಾಡಿ ಸ್ಪ್ಯಾನರ್ ಎತ್ತಿಕೊಂಡ. ನನ್ನ ಜಾಲರಿಯ ಹಿಂದೆ ಗಾಳಿ ಹಾಯುವ ಎರಡು ಜಾಲ ಇವೆ. ಮೊದಲನೆಯದು ಎಸಿಯದು, ಅದರ ಹಿಂದೆ ರೇಡಿಯೇಟರ್. ಮುಂದಿನಿಂದ ನೋಡಿದವರಿಗೆ ಕಾಣುವುದು ಮೊದಲನೆಯದು ಮಾತ್ರ, ಅದು ಚೊಕ್ಕವಾಗಿತ್ತು. ಬೋಲ್ಟ್ ಬಿಚ್ಚಿ ಎರಡನ್ನೂ ಬೇರೆ ಮಾಡಿದಾಗ ನಡುವಿನಿಂದ ಒಂದು ಹಲಗೆ ಕಳಚಿ ಬಂತು. ನನ್ನ ಎದೆಯಗಲದ ಕಪ್ಪು ಹಲಗೆ. ಬೆಲ್ಲ ಕರಗಿ ಅಂಟಾಗಿತ್ತು. ಅದರಲ್ಲಿ ಚುರುಮುರಿ, ಚೆಂಡುಹೂವಿನ ಎಸಳು, ಕುಂಕುಮ, ರಸ್ತೆಯ ಧೂಳು. ನಡುವೆ ಕಲ್ಲಿನಂತೆ ಒಣಗಿದ ಒಂದು ನಿಂಬೆಹಣ್ಣು. ಒಂಬತ್ತು ವರ್ಷದ ಅಮವಾಸ್ಯೆಗಳು ಒಂದರ ಮೇಲೊಂದು ಕೂತಿದ್ದವು.

"ಯಾ ಅಲ್ಲಾ," ಅಂದ ದಾವಲಸಾಬ. "ಇದು ಗಾಡಿಯಲ್ರಿ, ಕರದಂಟಿನ ಅಂಗಡಿ!"

ಸುಲೋಚನಾಗೆ ನಗು ಬಂತು. ಚನಬಸವ್ವನ ಮುಖ ನೋಡಿ ನುಂಗಿಕೊಂಡಳು. ಮುದುಕಿ ಆ ಹಲಗೆಯನ್ನೇ ನೋಡುತ್ತ ನಿಂತಿದ್ದಳು. ಪೂಜೆಗೆಂದು ತಂದ ಬೆಲ್ಲದ ತುಣುಕು ಇನ್ನೂ ಅವಳ ಮುಷ್ಟಿಯಲ್ಲಿತ್ತು.

"ನಾನ ಇದರ ಉಸರು ಕಟ್ಟಿದ್ನೇನು, ಯವ್ವಾ?"

ಅಲ್ಲಿದ್ದವರಿಗೆಲ್ಲ ಕೂಗಿ ಹೇಳಬೇಕೆಂದು ನನಗೆ ಅನಿಸಿತು: ಡಾಕ್ಟರ್ ನನ್ನನ್ನು ಆರು ವರ್ಷ ಒರೆಸಿದ, ಒಂದು ದಿನವೂ ಹಸಿವಾಯಿತೇ ಎಂದು ಕೇಳಲಿಲ್ಲ. ಇವಳು ಕೇಳಿದಳು. ಉಸಿರು ಕಟ್ಟಿದರೆ ಕಟ್ಟಲಿ!

ದಾವಲಸಾಬ ಹಿಂದಿನಿಂದ ಮುಂದಕ್ಕೆ ನೀರು ಹಾಯಿಸಿ ಎರಡೂ ಜಾಲ ತೊಳೆದ. ಅವುಗಳ ಬಾಗಿದ ತಗಡಿನ ರೆಕ್ಕೆಗಳನ್ನು ಹಳೆಯ ಬಾಚಣಿಗೆಯಿಂದ ನೇರ ಮಾಡಿ ಮತ್ತೆ ಜೋಡಿಸಿದ. ಸುಲೋಚನಾ ಇನ್ನೊಂದು ಊದಿನಕಡ್ಡಿ ಹಚ್ಚಿದಳು. ಈ ಸಲ ನಾನು ಆ ಹೊಗೆಯನ್ನು ಎಳೆದುಕೊಂಡ ರಭಸಕ್ಕೆ ದಾವಲಸಾಬನ ಟೊಪ್ಪಿಗೆಯೂ ನನ್ನ ಬಾಯಿಯತ್ತ ಹಾರಿತು. ನಂಬದವರು ಅವನನ್ನೇ ಕೇಳಿ. ಅವನು ಇಲ್ಲ ಅನ್ನುತ್ತಾನೆ, ಪಾಪ, ನಾಚಿಕೆ.

ರವಿವಾರ ಡೋಣಿ ದಾಟಿ ಗುಡ್ಡದ ಬುಡಕ್ಕೆ ಬಂದೆವು. ಒಳಗೆ ಏಳು ಹೆಣ್ಣುಮಕ್ಕಳು, ಸ್ಟೀರಿಂಗ್ ಹಿಡಿದವಳು ಸುಲೋಚನಾ. ಪಕ್ಕದಲ್ಲಿ ಗುರುಸಿದ್ದಪ್ಪ, ಕಣ್ಣು ಮುಳ್ಳಿನ ಮೇಲೆ. ತೊಡೆಯ ಮೇಲೆ ಎರಡು ಕೊಡ ನೀರು, ಕುದ್ದರೆ ಸುರಿಯಲು.

ಮೊದಲ ತಿರುವು. ಎರಡನೆಯದು. ಮೂರನೆಯ ತಿರುವಿಗೆ ಮುಳ್ಳು ಸ್ವಲ್ಪ ಮೇಲೆದ್ದಿತು.

"ನೋಡು, ಏರಾಕತ್ತೈತಿ," ಅಂದ ಗುರುಸಿದ್ದಪ್ಪ.

"ಏರ್ಲಿ. ನಾವೂ ಏರಾಕತ್ತೇವಿ," ಅಂದಳು ಸುಲೋಚನಾ, ಗೇರ್ ಇಳಿಸುತ್ತ.

ಹಿಂದಿನಿಂದ ಫಕೀರವ್ವ, "ಸಾಹುಕಾರ್ರ, ಆ ಮುಳ್ಳನ್ನ ಹಂಗ ನೋಡಬ್ಯಾಡ್ರಿ, ನಿಮ್ಮ ಸಿಟ್ಟಿಗೆ ಕಾದೀತು!" ಅಂದಳು. ಏಳೂ ಜನ ನಕ್ಕ ಭಾರವನ್ನೂ ಹೊತ್ತುಕೊಂಡೆ. ಗಾಳಿ ಎದೆಯೊಳಗೆ ಹೊಳೆಯಂತೆ ನುಗ್ಗುತ್ತಿತ್ತು. ಗುಡ್ಡವೇ, ನೀನು ಎಷ್ಟು ಎತ್ತರವಿದ್ದೀಯೋ ಇರು. ನಾನು ಬಂದೆ.

ಮುಳ್ಳು ನಡುವಿಗೆ ಬಂದು ನಿಂತಿತು. ನೆತ್ತಿಗೆ ಮುಟ್ಟಿದರೂ ಅಲ್ಲಿಂದ ಅಲ್ಲಾಡಲಿಲ್ಲ. ಗುರುಸಿದ್ದಪ್ಪ ಇಳಿದು ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿದ. ಆಮೇಲೆ ಆ ಎರಡು ಕೊಡದಿಂದ ಎಲ್ಲರಿಗೂ ಕುಡಿಯಲು ನೀರು ಕೊಟ್ಟ. ಆ ಮದುವೆಯಲ್ಲಿ ಬೀಗರು ಬಿಸಿ ರೊಟ್ಟಿ ಉಂಡರು.

ಸೋಮವಾರ ಗುಜರಿಯವ ಬಂದ. ಕೀಲಿ ಸಿಗಲಿಲ್ಲ, ಒಂದು ಚಹಾ ಸಿಕ್ಕಿತು.

ಈಗ ನನಗೆ ಇಪ್ಪತ್ತು ವರ್ಷ. ಕಂಪೌಂಡ್ ಇಲ್ಲದ ಅಂಗಳದ ಮೂಲೆಯಲ್ಲಿ ನಿಲ್ಲುತ್ತೇನೆ. ಬಣ್ಣ ಹೋಗಿದೆ, ಹಿಂದಿನ ಬಾಗಿಲು ಹಗ್ಗದಿಂದ ನಿಂತಿದೆ. ಹಾರ್ನಿನ ವೈರ್ ಸಡಿಲವಾಗಿ ತಾನಾಗಿ ಕೂಗುತ್ತದೆ ಎಂದು ದಾವಲಸಾಬ ಹೇಳುತ್ತಾನೆ. ಅದು ಗುಜರಿಯವ ಈ ಓಣಿಯಲ್ಲಿ ಹಾದುಹೋಗುವಾಗ ಮಾತ್ರ ಕೂಗುತ್ತದೆ ಎಂಬುದನ್ನು ಅವನು ಇನ್ನೂ ಗಮನಿಸಿಲ್ಲ.

ಅಮವಾಸ್ಯೆಯ ಪೂಜೆ ನಿಂತಿಲ್ಲ. ಗ್ಯಾರೇಜಿನಿಂದ ಬಂದ ಮರು ಅಮವಾಸ್ಯೆಗೆ ಚನಬಸವ್ವ ಬೆಲ್ಲ ಹಿಡಿದು ನನ್ನ ಮುಂದೆ ಬಂದಳು. ಕೈ ಜಾಲರಿಯವರೆಗೆ ಬಂದು ನಿಂತಿತು, ಎಲ್ಲಿ ಇಡಬೇಕೆಂದು ತಿಳಿಯದೆ. ಸುಲೋಚನಾ ಸ್ಟೀರಿಂಗ್ ಮುಂದೆ ಕೂತಿದ್ದಳು, ಹೊರಡುವ ಅವಸರ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅತ್ತೀ, ಇಲ್ಲಿ ಹಾಕ್ರಿ," ಎಂದು ಬಾಯಿ ತೆರೆದಳು.

ಅಂದಿನಿಂದ ನನ್ನ ತುತ್ತನ್ನು ಅವಳೇ ಉಣ್ಣುತ್ತಾಳೆ. ಹೊಟ್ಟೆ ಮಾತ್ರ ನನ್ನದೇ ತುಂಬುತ್ತದೆ.