ಲಾಂಛನ ಮುಚ್ಚಿದ ಮುಖ

ಕಂಪನಿಯಲ್ಲಿ ಅಕ್ಕನನ್ನು ದೊಡ್ಡ ಮೇಡಂ ಎಂದೂ ತಂಗಿಯನ್ನು ಚಿಕ್ಕ ಮೇಡಂ ಎಂದೂ ಕರೆಯುತ್ತಿದ್ದರು. ವಯಸ್ಸಿಗಷ್ಟೇ ಅಲ್ಲ, ಕೆಲಸಕ್ಕೂ ಅದು ಹೊಂದುತ್ತಿತ್ತು. ಅಕ್ಕ ವಿನ್ಯಾಸ ಮಾಡುತ್ತಿದ್ದುದು ದೊಡ್ಡ ಕಾರನ್ನು. ಚಾಲಕನನ್ನಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂರುವವರು ಕೊಳ್ಳುವಂಥದ್ದು. ತಂಗಿಯ ಪಾಲಿಗೆ ಬಂದದ್ದು ಚಿಕ್ಕದು, ಇನ್ನೂ ಹೆಸರಿಡದ್ದು.

ದೊಡ್ಡ ಕಾರಿನ ಮುಂಭಾಗವನ್ನು ಅಲ್ಲಿ ಎಲ್ಲರೂ ಮುಖ ಎನ್ನುತ್ತಿದ್ದರು. ನೆಟ್ಟಗೆ ನಿಂತ ಕಂಬಿಗಳ ಜಾಲರಿ, ಎರಡೂ ಬದಿಗೆ ರೆಪ್ಪೆ ಅರ್ಧ ಇಳಿಸಿದಂಥ ದೀಪಗಳು. ಅದು ಅಕ್ಕನ ಕೈಯಿಂದ ಬಂದದ್ದು. ಹಿಂದಿನಿಂದ ಬರುವ ಆ ಕಾರನ್ನು ಕನ್ನಡಿಯಲ್ಲಿ ಕಂಡವರು ಲಾಂಛನ ಕಾಣುವ ಮೊದಲೇ ದಾರಿ ಬಿಡುತ್ತಾರೆ ಎಂದು ಮಾರಾಟದವರು ಹೇಳಿಕೊಳ್ಳುತ್ತಿದ್ದರು. ಅಕ್ಕ ಅದನ್ನು ಕೇಳಿಸಿಕೊಳ್ಳದವಳಂತೆ ಕೇಳಿಸಿಕೊಳ್ಳುತ್ತಿದ್ದಳು.

ಈಗ ಅದೇ ಮುಖವನ್ನು ಚಿಕ್ಕ ಕಾರಿಗೂ ಕೊಡಬೇಕೇ ಎಂಬ ಪ್ರಶ್ನೆ ಎದ್ದಿತ್ತು. ಕೊಟ್ಟರೆ ಅದು ಕಂಪನಿಯ ಹೆಸರಿನಲ್ಲೇ ಮಾರುಕಟ್ಟೆಗೆ ಹೋಗುತ್ತದೆ. ಕೊಡದಿದ್ದರೆ ಬೇರೆ ಹೆಸರು, ಬೇರೆ ಲಾಂಛನ, ಬೇರೆ ಮಳಿಗೆ. ತಂಗಿಯ ತಂಡ ಊರಾಚೆಯ ಹಳೆಯ ಕಟ್ಟಡಕ್ಕೆ. ಮುಖ ಮಾಡಿದವಳು ಅಕ್ಕನಾದ್ದರಿಂದ ಅವಳು ಬೇಡ ಎಂದರೆ ಬೇಡ ಎಂದು ಯಜಮಾನರು ಹೇಳಿಬಿಟ್ಟಿದ್ದರು.

ತಂಗಿ ಈ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೇಳಿದ್ದರೆ ಅಕ್ಕನಿಗೆ ಇಲ್ಲ ಎನ್ನುವುದು ಸುಲಭವಾಗುತ್ತಿತ್ತು. ಅವಳ ಬದಲು ಅಮ್ಮ ಫೋನಿನಲ್ಲಿ ಕೇಳಿದಳು.

"ನಿನ್ನ ಹಳೇ ಫ್ರಾಕೆಲ್ಲಾ ಅವಳಿಗೇ ಕೊಡ್ತಿರ್ಲಿಲ್ವೇನೇ? ಇದೂ ಹಾಗೇ ಅಂದ್ಕೋ."

"ಅಮ್ಮಾ, ಇದು ಫ್ರಾಕಲ್ಲ."

"ಒಂದು ಮುಖ ಕೊಡೋಕೆ ಇಷ್ಟು ಮುಖ ಗಂಟಿಕ್ಕಿದ್ರೆ ಹೇಗೆ?" ಅಮ್ಮ ತನ್ನ ಮಾತಿಗೆ ತಾನೇ ನಕ್ಕಳು.

ಅಮ್ಮನಿಗೆ ಮರೆತುಹೋಗಿತ್ತು. ಆ ಫ್ರಾಕುಗಳನ್ನು ತಂಗಿ ತೊಟ್ಟಾಗ ಎದುರುಮನೆಯಾಕೆ, "ಅಕ್ಕನದೇ ಅಚ್ಚು. ಆದ್ರೆ ಲಕ್ಷಣದಲ್ಲಿ ಇವಳು ಒಂದು ಕೈ ಮೇಲು," ಎನ್ನುತ್ತಿದ್ದಳು. ಅದೇ ಬಟ್ಟೆ, ಅದೇ ಗುಂಡಿ. ತನ್ನ ಮೈಮೇಲಿದ್ದಾಗ ಯಾರೂ ತಿರುಗಿ ನೋಡದ ಅಂಚು ಅವಳ ಮೊಣಕಾಲಿನ ಸುತ್ತ ಕುಣಿಯುತ್ತಿತ್ತು.

ಆ ಮುಖ ಚಿಕ್ಕ ಕಾರಿಗೆ ಹೇಗೆ ಕೂರುತ್ತದೆಂದು ನೋಡಲು ತಂಗಿ ಕೆತ್ತುತ್ತಿದ್ದ ಮಣ್ಣಿನ ಮಾದರಿ ಪಕ್ಕದ ಹಾಲ್‌ನಲ್ಲೇ ತಯಾರಾಗುತ್ತಿತ್ತು. ಕೆಲಸ ಜಾಸ್ತಿ ಎಂದು ಅಕ್ಕ ಒಮ್ಮೆಯೂ ಅತ್ತ ಹಾಯಲಿಲ್ಲ. ಗೋಡೆಯಾಚೆಯಿಂದ ಮಣ್ಣು ಕೆರೆಯುವ ಸದ್ದು ಮಾತ್ರ ಕೇಳುತ್ತಿತ್ತು. ಸದ್ದು ನಿಂತಾಗ ಸಂಕಟ ಹೆಚ್ಚುತ್ತಿತ್ತು. ಆಗ ತಂಗಿ ಹಿಂದೆ ಸರಿದು ನೋಡುತ್ತಿರುತ್ತಾಳೆ, ಅವಳಿಗೆ ಸರಿ ಎನಿಸಿರುತ್ತದೆ.

ನಿರ್ಧಾರದ ದಿನ ಸಭೆಯ ಕೋಣೆಯ ಗೋಡೆಗೆ ಎರಡು ದೊಡ್ಡ ಚಿತ್ರಗಳನ್ನು ಹಚ್ಚಿದ್ದರು. ಆ ಕಂಪನಿಯ ಪದ್ಧತಿ ಅದು. ಹೊಸ ಮಾದರಿಯ ಮುಖದ ಚಿತ್ರ ತೆಗೆದು, ಲಾಂಛನದ ಮೇಲೆ ಕಪ್ಪು ಟೇಪು ಅಂಟಿಸಿ ನೋಡುವುದು. ಹೆಸರು ಮುಚ್ಚಿದರೂ ಯಾರ ಕಾರೆಂದು ಗೊತ್ತಾಗಬೇಕು. ಒಂದು ಚಿತ್ರ ದೊಡ್ಡ ಕಾರಿನ ಹೊಸ ಮಾದರಿಯದು, ಇನ್ನೊಂದು ಚಿಕ್ಕದರದು. ಎರಡನ್ನೂ ಒಂದೇ ಅಳತೆಗೆ ಹಿಗ್ಗಿಸಿದ್ದರು. ಒಂದೇ ಬದಿಯ ಬೆಳಕಿನಲ್ಲಿ ತೆಗೆದದ್ದರಿಂದ ಬರಿಯ ಅಂಚುಗಳು ಕಾಣುತ್ತಿದ್ದವು. ಚಿತ್ರ ತೆಗೆದದ್ದೂ ಹಚ್ಚಿದ್ದೂ ತಂಗಿ. ಯಾವುದು ಯಾವುದೆಂದು ಅವಳೊಬ್ಬಳಿಗೇ ಗೊತ್ತು.

ಮಾರಾಟ ವಿಭಾಗದ ಮುಖ್ಯಸ್ಥ ಮೊದಲು ಮಾತಾಡಿದ. ಹೇಳಿದ್ದನ್ನೇ ಹೇಳುತ್ತಾನೆಂದು ಎಲ್ಲರೂ ಅವನನ್ನು ಬೆನ್ನ ಹಿಂದೆ ಗಿಳಿ ಎನ್ನುತ್ತಿದ್ದರು.

"ಹರೆಯದವರು ಚಿಕ್ಕದರಲ್ಲಿ ಒಳಗೆ ಬರ್ತಾರೆ, ತಲೆ ನರೆಯೋ ಹೊತ್ತಿಗೆ ದೊಡ್ಡದಕ್ಕೆ ಹತ್ತುತ್ತಾರೆ. ಎದುರಾಳಿಗಳೆಲ್ಲಾ ಇದನ್ನೇ ಮಾಡ್ತಿದ್ದಾರೆ ಮೇಡಂ."

"ಅವರ ದೊಡ್ಡ ಕಾರನ್ನ ಈಗ ಯಾರು ತಿರುಗಿ ನೋಡ್ತಾರೆ?" ಎಂದಳು ಅಕ್ಕ. "ಸಿಗ್ನಲ್‌ನಲ್ಲಿ ಅದೇ ಮುಖದ ಮರಿ ಪಕ್ಕಕ್ಕೆ ಬಂದು ನಿಂತ್ರೆ, ಅಷ್ಟು ದುಡ್ಡು ಸುರಿದವನು ಕಿಟಕಿ ಏರಿಸ್ಕೊಂಡು ಕೂರ್ಬೇಕಾಗುತ್ತೆ."

ಯಾರೋ ನಕ್ಕರು. ಅಕ್ಕ ಎದ್ದು ಗೋಡೆಯ ಬಳಿ ಹೋದಳು. ಅವಳು ಒಳಗೆ ಬಂದಾಗಿನಿಂದ ಎಡಗಡೆಯ ಚಿತ್ರ ಅವಳ ಕಣ್ಣನ್ನು ಹಿಡಿದಿತ್ತು. ತಾನು ಇಷ್ಟು ಚೆನ್ನಾಗಿ ಮಾಡಿದ್ದೇನೆಯೇ ಎಂದು ಎದೆ ತುಂಬಿತ್ತು.

"ನೋಡಿ, ಎಡಗಡೆದು ನನ್ನದು. ಈ ರೆಪ್ಪೆಯಲ್ಲಿ ಒಂಚೂರೂ ಅವಸರ ಇಲ್ಲ. ಬಲಗಡೆದು ನೋಡಿ, ಗತ್ತನ್ನ ಎರವಲು ತಂದ ಹಾಗಿದೆ. ದೊಡ್ಡವರ ಥರ ಕಾಣೋಕೆ ಒದ್ದಾಡ್ತಿದೆ ಪಾಪ."

ಯಜಮಾನರು ತಂಗಿಯ ಕಡೆ ತಿರುಗಿದರು. "ಎಡಗಡೆದು ಅಕ್ಕನದಾ?"

ತಂಗಿ ಅಕ್ಕನತ್ತ ನೋಡಿದಳು. ಅಷ್ಟರಲ್ಲಿ ಅಕ್ಕನ ಕಣ್ಣು ಎಡಗಡೆಯ ಚಿತ್ರದ ಜಾಲರಿಯ ಕೆಳಗಿಳಿಯಿತು. ಕೆಟ್ಟು ನಿಂತ ಕಾರನ್ನು ಎಳೆಯಲು ಕೊಕ್ಕೆ ಸಿಕ್ಕಿಸುವ ಜಾಗಕ್ಕೆ ಅಲ್ಲೊಂದು ಪುಟ್ಟ ಮುಚ್ಚಳವಿರುತ್ತದೆ. ದೊಡ್ಡ ಕಾರಿನಲ್ಲಿ ಅದರ ಜಾಗ ಮೂಲೆ. ಇಲ್ಲಿ ಅದು ನಡುವಿಗೆ ಸರಿದಿತ್ತು. ಮೂಲೆಯಲ್ಲಿ ಜಾಗ ಸಾಲದ್ದು ಚಿಕ್ಕ ಕಾರಿಗೆ ಮಾತ್ರ.

"ಹೌದು ಸರ್," ಎಂದಳು ತಂಗಿ. "ಎಡಗಡೆದು ಅಕ್ಕಂದು."

ಅವಳು ಮೇಜನ್ನು ನೋಡುತ್ತಿದ್ದಳು.

"ಸರಿ, ಹಾಗಾದ್ರೆ ಬೇರೆ ಹೆಸರು ಹುಡುಕೋಣ," ಎಂದು ಗಿಳಿ ಲ್ಯಾಪ್‌ಟಾಪ್ ಮುಚ್ಚಿದ.

ಸುಮ್ಮನಿದ್ದರೆ ಸಾಕಿತ್ತು. ಮುಖ ತನ್ನದಾಗಿಯೇ ಉಳಿಯುತ್ತಿತ್ತು, ಮುಖಭಂಗವೂ ಇಲ್ಲ. ಆದರೆ ಅಕ್ಕನಿಗೆ ಸುಮ್ಮನಿರಲಾಗಲಿಲ್ಲ. ತಂಗಿ ಗೆದ್ದಿದ್ದರೆ ಸಹಿಸಬಹುದಿತ್ತು. ತನ್ನ ಕಾರನ್ನೇ ಬಿಟ್ಟುಕೊಟ್ಟು, ತಲೆ ತಗ್ಗಿಸಿ ಕೂತು, ಯಾರಿಗೂ ಕಾಣದಂತೆ ದೊಡ್ಡವಳಾಗುವುದನ್ನು ಸಹಿಸುವುದು ಹೇಗೆ? ಇನ್ನು ಮೇಲೆ ಪ್ರತಿಸಲ ಎದುರಾದಾಗಲೂ ಇವಳು ಏನೂ ಹೇಳುವುದಿಲ್ಲ. ಆ ಹೇಳದಿರುವಿಕೆಯನ್ನು ತಾನು ಹೊರಬೇಕು. ಅದನ್ನು ಈಗಲೇ ಅವಳ ಕೈಯಿಂದ ಕಿತ್ತುಕೊಳ್ಳಬೇಕೆನಿಸಿತು.

"ಸುಳ್ಳು ಹೇಳ್ತಿದ್ದಾಳೆ," ಎಂದಳು ಅಕ್ಕ. "ಎಡಗಡೆದು ಅವಳದೇ. ನಾನು ಆಡ್ಕೊಂಡಿದ್ದು ನನ್ನ ಕಾರನ್ನೇ."

ಗಿಳಿ ಲ್ಯಾಪ್‌ಟಾಪನ್ನು ಮತ್ತೆ ತೆರೆದ. ಯಜಮಾನರು ಎರಡೂ ಚಿತ್ರಗಳನ್ನು ಬಹಳ ಹೊತ್ತು ನೋಡಿದರು.

"ಹಾಗಾದ್ರೆ ಮುಖ ಕೊಡೋಣ ಅಂತೀರಾ?"

"ನನಗೇ ಗೊತ್ತಾಗ್ಲಿಲ್ಲ ಅಂದ್ಮೇಲೆ ಗಿರಾಕಿಗೆ ಗೊತ್ತಾಗುತ್ತಾ? ಕೊಡಿ."

"ದೊಡ್ಡ ಮನಸ್ಸು ಮೇಡಂ ನಿಮ್ಮದು," ಎಂದ ಗಿಳಿ. ಅದು ನಿಜವಲ್ಲವೆಂದು ಆ ಕೋಣೆಯಲ್ಲಿ ಅಕ್ಕನೊಬ್ಬಳಿಗೆ ಮಾತ್ರ ಗೊತ್ತಿತ್ತು.

ಹೊರಗೆ, ಮೆಟ್ಟಿಲ ಬಳಿ ತಂಗಿ ಹಿಂದಿನಿಂದ ಬಂದು ಮೊಣಕೈ ಹಿಡಿದಳು. ಕಣ್ಣು ಒದ್ದೆಯಾಗಿತ್ತು.

"ಯಾಕೆ ಹೇಳ್ದೆ ಅಕ್ಕಾ?"

"ನೀನ್ಯಾಕೆ ಹೇಳ್ಲಿಲ್ಲ?"

"ಅಷ್ಟು ಜನರ ಮುಂದೆ ಹೇಗೆ ಹೇಳ್ಲಿ? ನೀನು ಅಷ್ಟು ಖುಷಿಯಾಗಿದ್ದೆ."

ಅಕ್ಕ ಮೆಲ್ಲಗೆ ಕೈ ಬಿಡಿಸಿಕೊಂಡಳು. ಅಪ್ಪಿಕೊಳ್ಳಬೇಕಾದ ಹೊತ್ತು ಇದೇ ಎಂದು ಅವಳಿಗೂ ಗೊತ್ತಿತ್ತು.

"ಆ ರೆಪ್ಪೆ ಹೇಗೆ ತಿದ್ದಿದೆ?" ಎಂದಷ್ಟೇ ಕೇಳಿದಳು.

"ಬಾ, ತೋರಿಸ್ತೀನಿ."

ಹಾಲ್‌ನಲ್ಲಿ ಹಸಿ ಮಣ್ಣಿನ ವಾಸನೆ ಇತ್ತು. ತಂಗಿ ಮಾದರಿಗೆ ಹೊದಿಸಿದ್ದ ಬಟ್ಟೆ ಸರಿಸಿ ಲೈಟು ಹಾಕಿದಳು. ಅಕ್ಕ ಬಗ್ಗಿ, ಮಣ್ಣಿನ ಮುಖದ ದೀಪದ ಅಂಚಿನ ಮೇಲೆ ಹೆಬ್ಬೆರಳಿಟ್ಟು, ನಿಧಾನವಾಗಿ ಜಾಲರಿಯವರೆಗೆ ಎಳೆದಳು. ಮತ್ತೆ ಹಿಂದಕ್ಕೆ ತಂದಳು.

"ಎಲ್ಲಿ ತಪ್ಪಿದೆ ಹೇಳೇ. ನಿನ್ನ ಕೈಗೆ ಸಿಕ್ಕೇ ಸಿಗುತ್ತೆ," ಎಂದಳು ತಂಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು.

"ತಡಿ," ಎಂದಳು ಅಕ್ಕ. "ಇನ್ನೂ ನೋಡ್ತಿದ್ದೀನಿ."